ಸುಣ್ಣದ ಗೆರೆಯ ಬಚ್ಚಲು

ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಕಿರಾಣಿ ಅಂಗಡಿಯ ತಕ್ಕಡಿ ನಾಳೆಯಿಂದ ಸರಿಯಾಗಿ ತೂಗಲಿ. ಇದಕ್ಕಿಂತ ದೊಡ್ಡ ಆಣೆಯನ್ನು ಒಬ್ಬ ವ್ಯಾಪಾರಿ ಮಾಡಲಾರ. ತಳಕಲ್ಲಿನಲ್ಲಿ ಕಳಕಪ್ಪ ಹೇಳಿದ ಅಂದರೆ ಜನ ಅರ್ಧ ನಂಬುತ್ತಾರೆ, ಅರ್ಧ ನಗುತ್ತಾರೆ. ಹೋದ ಬೇಸಿಗೆಯಲ್ಲಿ ಬೇವಿನ ಮರದ ನೆರಳು ಬಿಸಿಲಿಗೆ ಅಂಜಿ ನನ್ನ ಅಂಗಡಿಯ ಬೆಂಚಿನ ಕೆಳಗೆ ಬಂದು ಕೂತಿತ್ತು ಎಂದು ಹೇಳಿದ್ದೆ. ಅದು ಬೇರೆ. ಇದು ಬಚ್ಚಲಿನ ವಿಷಯ. ಸುಳ್ಳು ಹೇಳುವ ಮನಸ್ಸಿದ್ದಿದ್ದರೆ ಇದಕ್ಕಿಂತ ಮರ್ಯಾದೆಯದೊಂದನ್ನು ಆರಿಸಿಕೊಳ್ಳುತ್ತಿದ್ದೆ.

ನಮ್ಮ ಬಚ್ಚಲು ಅಡುಗೆಮನೆಯ ಹಿಂದಿದೆ. ಕೂರಲು ಒಂದು ಹಾಸುಗಲ್ಲು, ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಹಿತ್ತಲಿನ ಬಾಳೆಗಿಡಕ್ಕೆ ನೀರು ಹೋಗಲು ಒಂದು ಕಿಂಡಿ. ಬಾಗಿಲಿಲ್ಲ. ನನ್ನ ಹೆಂಡತಿ ಗುರುಲಿಂಗಮ್ಮನ ಹಳೆಯ ಸೀರೆಯ ಪರದೆ ಇದೆ. ಬಾಗಿಲಿನ ಕೆಲಸವನ್ನು ಮಾಡುವುದು ಒಂದು ಹಿತ್ತಾಳೆಯ ತಂಬಿಗೆ. ಒಳಗೆ ಹೋದವರು ಅದನ್ನು ಹೊಸ್ತಿಲ ಮೇಲೆ ಬೋರಲು ಇಡಬೇಕು, ಹೊರಗೆ ಬಂದವರು ನೆಟ್ಟಗೆ ಇಡಬೇಕು. ಬೋರಲಿದ್ದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. ನಮ್ಮಜ್ಜನ ಕಾಲದಿಂದ ಇದೇ ಕಾನೂನು, ಯಾರೂ ಮುರಿದಿರಲಿಲ್ಲ. ನಮ್ಮ ಮನೆಯ ಬೆಕ್ಕು ಕೂಡ ಬೋರಲು ತಂಬಿಗೆ ಕಂಡರೆ ಹೊರಗೆ ಕೂತು ಸರದಿ ಕಾಯುತ್ತದೆ. ಇಂಥ ಮನೆಗೆ ಬಾಗಿಲು ಯಾಕೆ ಬೇಕು ಎಂದು ನಾನು ಎಲ್ಲರನ್ನೂ ಕೇಳುತ್ತಿದ್ದೆ. ಮಗಳ ಕುಬಸದ ದಿನದಿಂದ ಕೇಳುವುದನ್ನು ಬಿಟ್ಟೆ.

ಮಗಳು ಶೈಲಜಾಳನ್ನು ಗಂಗಾವತಿಗೆ ಕೊಟ್ಟಿದ್ದೇವೆ. ಅವಳ ಮಾವ ಗುರುಬಸವಪ್ಪನವರದು ಭತ್ತದ ದಲಾಲಿ ಅಂಗಡಿ. ಮಾತು ಕಡಿಮೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೂತರೆ ಕುರ್ಚಿಗೇ ಗೌರವ ಬರುವಂಥ ಮನುಷ್ಯ. ಶೈಲಜಾಳದು ಚೊಚ್ಚಲ ಬಸಿರು. ತವರಿನ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆ, ಬೀಗರ ಕಡೆಯವರು ಒಂದು ಗಾಡಿ ತುಂಬಿಕೊಂಡು ಬಂದರು. ಬಿಸಿಲಿಗೆ ಬೆವೆತಿದ್ದ ಗುರುಬಸವಪ್ಪನವರು, ಜಳಕ ಮಾಡಿ ಪೂಜೆ ಮುಗಿಸದೆ ಊಟಕ್ಕೆ ಕೂರುವುದಿಲ್ಲ ಎಂದರು. ನಾನೇ ನೀರು ತೋಡಿಕೊಟ್ಟೆ, ನಾನೇ ಪರದೆ ಎಳೆದೆ, ನಾನೇ ನನ್ನ ಕೈಯಾರೆ ಹೊಸ್ತಿಲ ಮೇಲೆ ತಂಬಿಗೆಯನ್ನು ಬೋರಲು ಇಟ್ಟೆ.

ಬೀಗತಿ ಭಾರೀ ಓರಣದ ಹೆಂಗಸು. ನಮ್ಮ ಅಡುಗೆಮನೆಯಲ್ಲಿ ಓಡಾಡುವಾಗ ಅವರಿಗೆ ದಾರಿಯಲ್ಲಿ ಬೋರಲು ಬಿದ್ದ ತಂಬಿಗೆ ಕಂಡಿತು. ಯಾರಾದರೂ ಎಡವಿಯಾರು ಎಂದು ಎತ್ತಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಥಳಥಳ ಹೊಳೆಯಿಸಿ ಗೋಡೆಯ ಮಾಡದಲ್ಲಿಟ್ಟರು. ಅವರ ತಪ್ಪಲ್ಲ. ಗಂಗಾವತಿಯಲ್ಲಿ ತಂಬಿಗೆಯಿಂದ ನೀರು ಕುಡಿಯುತ್ತಾರೆ.

ನಮ್ಮ ಮನೆಯ ಇನ್ನೊಂದು ಪದ್ಧತಿ ಹೇಳಬೇಕು. ಯಾವ ಶುಭಕಾರ್ಯವಾದರೂ ಮೊದಲು ಬಚ್ಚಲಿನ ಹಂಡೆಗೆ ವಿಭೂತಿ ಕುಂಕುಮ ಹಚ್ಚಿ ಗಂಗಮ್ಮನ ಪೂಜೆ ಮಾಡುತ್ತಾರೆ. ಹೀಗಾಗಿ ಹಸಿರು ಸೀರೆಯ ಶೈಲಜಾಳನ್ನು ಮುಂದೆ ಬಿಟ್ಟುಕೊಂಡು, ಆರತಿ ತಟ್ಟೆ ಹಿಡಿದು ಐದು ಜನ ಮುತ್ತೈದೆಯರು ಬಂದರು. ಹೊಸ್ತಿಲು ನೋಡಿದರು. ಬೋರಲು ತಂಬಿಗೆ ಇರಲಿಲ್ಲ. ಪರದೆ ಸರಿಸಿದರು.

ಬೀಗರು ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿಕೊಂಡಿದ್ದರು. ಮೈಮೇಲೆ ಇದ್ದದ್ದು ನೊರೆ ಮಾತ್ರ, ಅದೂ ಎಲ್ಲ ಕಡೆ ಸಾಲುವಷ್ಟಿರಲಿಲ್ಲ. ಬಳೆಯ ಸದ್ದು ಕೇಳಿದರೆ ಯಾರಿಗಾದರೂ ತಿಳಿಯಬೇಕು, ಆದರೆ ಅವರ ಕಿವಿಯಲ್ಲೂ ಸಾಬೂನಿತ್ತು. ತಮ್ಮ ಮಗ ಬಂದನೆಂದು ತಿಳಿದರು.

“ಬಂದಿ? ಬಾ, ಬೆನ್ನು ತಿಕ್ಕು. ಜೋರ ತಿಕ್ಕು,” ಎಂದು ಶೈಲಜಾಳಿಗೆ ಬೆನ್ನು ಕೊಟ್ಟರು.

ಆರತಿ ತಟ್ಟೆ ಕೈಜಾರಿ ಬಿತ್ತು. ಅದು ಉರುಳಿ, ಉರುಳಿ, ಅಡುಗೆಮನೆ ದಾಟಿ ಪಡಸಾಲೆಗೆ ಬಂದು ನಿಲ್ಲುವವರೆಗೆ ಮನೆಯಲ್ಲಿ ಯಾರೂ ಉಸಿರು ಬಿಡಲಿಲ್ಲ.

ಊಟಕ್ಕೆ ಬೀಗರು ಗೋಡೆಗೆ ಮುಖ ಮಾಡಿ ಕೂತರು. ಹೋಳಿಗೆಗೆ ಬಡಿಸಬೇಕಾದ ತುಪ್ಪವನ್ನೆಲ್ಲ ನಾನು ಅವರ ಅನ್ನದ ಮೇಲೆ ಸುರಿದೆ. ಅವರು ಬೇಡ ಎನ್ನಲಿಲ್ಲ, ಸಾಕು ಎನ್ನಲಿಲ್ಲ. ಅಂದು ಮಗಳು ತವರಿನಲ್ಲೇ ಉಳಿದು ಬಾಣಂತನ ಮುಗಿಸಿಕೊಂಡು ಹೋಗುವುದೆಂದು ಮಾತಾಗಿತ್ತು. ಗಾಡಿ ಹೊರಡುವಾಗ ನೋಡಿದರೆ ಅವಳೂ ಹತ್ತಿ ಕೂತಿದ್ದಳು.

“ಯವ್ವಾ ಶೈಲಾ, ಇಳಿ. ಇದೇನ ಹುಚ್ಚು?” ಎಂದಳು ಗುರುಲಿಂಗಮ್ಮ.

“ಎವ್ವಾ, ನಾ ಈ ಮನ್ಯಾಗ ಬಾಣಂತನಕ್ಕ ಬರಾಂಗಿಲ್ಲ. ನಾಳೆ ನನಗ ನೀರು ಎರಿಯಾಕ ಕೂಡ್ರಸ್ತೀರಿ. ಯಾರರೆ ತಂಬಿಗಿ ಎತ್ತಿದ್ರ ಏನ್ ಮಾಡ್ಲಿ?”

“ನಾ ಬಾಗಿಲಕ್ಕ ಕುಂದರ್ತೀನಲ್ಲ!” ಎಂದೆ ನಾನು.

“ಎಲ್ಲೈತಿ ಬಾಗಲಾ?” ಎಂದಳು ಮಗಳು. ಗಾಡಿ ಹೋಯಿತು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಲಿಲ್ಲವೆಂದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತಿಲ್ಲ. ತಂದೆತಾಯಿ ಸತ್ತಿರಬೇಕು, ಇಲ್ಲವೇ ಜಗಳವಾಡಿರಬೇಕು. ಮೂರನೆಯ ಕಾರಣ ಜನರಿಗೆ ಗೊತ್ತಿಲ್ಲ. ಗುರುಲಿಂಗಮ್ಮ ಬಾಣಂತಿ ಉಂಡೆಗೆಂದು ಅಂಟು, ಅಳವಿ, ಒಣಕೊಬ್ಬರಿ ತಂದಿಟ್ಟಿದ್ದಳು. ಡಬ್ಬಿಯ ಮುಚ್ಚಳ ಬಿಗಿದು ಅಟ್ಟಕ್ಕೆ ಹಾಕಿದಳು. ಗಿರಣಿಗೆ ಹೋಗುವುದನ್ನು ಬಿಟ್ಟಳು, ಅಲ್ಲಿ ಹೆಂಗಸರು “ಮಗಳು ಯಾವಾಗ ಬರ್ತಾಳ?” ಎಂದು ಕೇಳುತ್ತಾರೆಂದು. ಹಿಟ್ಟು ತರುವುದು ನನ್ನ ಪಾಲಿಗೆ ಬಂತು. ಗಿರಣಿಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಹೋದ ಕೂಡಲೇ ಎಲ್ಲರೂ ತಮ್ಮ ತಮ್ಮ ಹಿಟ್ಟನ್ನು ಬಹಳ ಲಕ್ಷ್ಯ ಕೊಟ್ಟು ನೋಡತೊಡಗಿದರು.

ಒಂದು ಸಲ ತಾವರಗೇರಾ ಸಂತೆಗೆ ಹೋಗಿದ್ದೆ. ಚಹಾದಂಗಡಿಯಲ್ಲಿ ಗುರುತಿಲ್ಲದವನೊಬ್ಬ ನನ್ನ ಪಕ್ಕ ಕೂತು ಒಂದು ಕತೆ ಹೇಳಿದ. ಬೀಗರು, ಬಚ್ಚಲು, ಆರತಿ. ಅವನ ಕತೆಯಲ್ಲಿ ಮುತ್ತೈದೆಯರ ಹಿಂದೆ ಬ್ಯಾಂಡಿನವರೂ ಇದ್ದರು. ಜನ ಬಿದ್ದು ಬಿದ್ದು ನಕ್ಕರು. ಬೇರೆ ದಿನವಾಗಿದ್ದರೆ ಆ ಬ್ಯಾಂಡಿಗೆ ನಾನೊಂದು ಆನೆ ಸೇರಿಸುತ್ತಿದ್ದೆ. ಅಂದು ಕಪ್ಪು ಬಸಿ ತೊಳೆಯುವವನ ಕಡೆ ನೋಡುತ್ತ ಚಹಾ ಕುಡಿದೆ. “ಎಲ್ಲಿ ಆಗಿದ್ದಿದು?” ಎಂದು ಯಾರೋ ಕೇಳಿದರು. “ತಳಕಲ್ ಕಡೆ ಯಾವುದೋ ಮನೀರಿ. ಬಾಗಲಾ ಇಲ್ಲದ ಮಂದಿ,” ಎಂದ ಅವನು.

ಅಲ್ಲಿಂದ ನೆಟ್ಟಗೆ ಗೋಡೆ ಕಟ್ಟುವ ಗೌಂಡಿ ಮುನವ್ವರನ ಮನೆಗೆ ಹೋದೆ.

ಮುನವ್ವರ ಬಂದು ಹಳೆಯ ಬಚ್ಚಲು ನೋಡಿದ. ಹಿಂದಿನ ಗೋಡೆ ಒಡೆದು ಹಿತ್ತಲಿಗೆ ಚಾಚಿ ದೊಡ್ಡದು ಮಾಡಬಹುದೆಂದ. ನಾನು ಎಂಜಿನಿಯರ ಕಡೆಯಿಂದ ನಕ್ಷೆ ಹಾಕಿಸಲೇ ಎಂದು ಕೇಳಿದೆ.

“ಕಾಗದದಾಗ ಎಲ್ಲಾರ ಮನೀನೂ ಅರಮನಿನ ಸಾವ್ಕಾರ್ರ,” ಎಂದ ಅವನು. “ನಾ ನೆಲದ ಮ್ಯಾಲೆ ಹಾಕಿ ಕೊಡ್ತೀನಿ. ಅದರಾಗ ಅಡ್ಡಾಡ್ರಿ, ಕೂಡ್ರಿ, ಏಳ್ರಿ. ಮೊಣಕೈ ಎಲ್ಲಿ ಬಡಿತೈತಿ ನೋಡ್ರಿ. ಗ್ವಾಡಿ ಕಟ್ಟಿದಮ್ಯಾಲೆ ‘ಮುನವ್ವರ, ಒಂಚೂರು ಸರಸು’ ಅಂದ್ರ ನನ್ನ ಕಡಿಂದ ಆಗಾಂಗಿಲ್ಲ.”

ಸುಣ್ಣದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು, ದಾರ ಕಟ್ಟಿ, ಹಿತ್ತಲಿನ ನೆಲದ ಮೇಲೆ ಅಗಲ ಉದ್ದ ತಪ್ಪದಂತೆ ಒಂದು ಪೂರಾ ಬಚ್ಚಲನ್ನು ಬರೆದ. ಇಲ್ಲಿ ಕಲ್ಲು, ಇಲ್ಲಿ ನಳ, ಇಲ್ಲಿ ಗೀಜರ್. ಒಂದು ಕಡೆ ಗೆರೆ ಎಳೆಯದೆ ಬಿಟ್ಟ. “ಇದು ಬಾಗಲಾ,” ಎಂದ. ಗುರುಲಿಂಗಮ್ಮ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡುತ್ತ ನಿಂತಳು.

ಮರುದಿನ ಅವಳು ಹುಲಿಗವ್ವನನ್ನು ಕರೆಸಿದಳು. ನಮ್ಮೂರಲ್ಲಿ ಬಾಣಂತಿಯರಿಗೆ ನೀರು ಎರೆಯುವುದು, ಕೂಸುಗಳನ್ನು ಎರೆಯುವುದು ಹುಲಿಗವ್ವನೇ. ಶೈಲಜಾಳನ್ನೂ ಅವಳೇ ಎರೆದು ಬೆಳೆಸಿದ್ದು. ಗೀಜರಿನ ಗುರುತನ್ನು ಕಂಡು ಅವಳು ಗಲ್ಲದ ಮೇಲೆ ಕೈಯಿಟ್ಟಳು.

“ಡಬ್ಬಿ ನೀರಾಗ ಬಾಣಂತಿ ಎರಿಯಾಕ ಬರತೈತೇನ ಯಪ್ಪಾ? ಹನಿ ಹನಿ ಬಿಟ್ರ ಅದು ಗುಡಿಯಾಗಿನ ಅಭಿಷೇಕ ಆಕ್ಕತಿ. ಕೊಡಗಟ್ಲೆ ಸುರೀಬೇಕು, ಸೊಂಟ ಬಿಚ್ಚಬೇಕು.”

“ಹಂಡೆ ಇರತೈತಿ ಹುಲಿಗವ್ವ, ತೆಗಿಯಾಂಗಿಲ್ಲ,” ಎಂದಳು ಗುರುಲಿಂಗಮ್ಮ. “ನೀ ಒಳಗ ಕುಂತು ನೋಡು ಮೊದಲ.”

ಹುಲಿಗವ್ವ ಬಿಟ್ಟ ಜಾಗದಿಂದಲೇ ಒಳಗೆ ಹೋದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವವರು ಕೂರುವ ಹಾಗೆ ಎರಡೂ ಕಾಲು ನೀಡಿ ಕೂತಳು. ಅವಳ ಪಾದಗಳು ಸುಣ್ಣದ ಗೆರೆ ದಾಟಿ ಒಂದು ಗೇಣು ಆಚೆ ಹೋದವು.

“ನೋಡ್ರಿ, ನನ್ನ ಕಾಲು ಗ್ವಾಡ್ಯಾಗ ಹೊಂಟಾವು. ಕೂಸಿನ ತಲಿ ಎಲ್ಲಿ ಇಡ್ಲಿ, ನಿಮ್ಮ ಅಂಗಡ್ಯಾಗ?”

ಮುನವ್ವರ ಬಂದು ಗೆರೆ ಅಳಿಸಿ ಆಚೆ ಸರಿಸಿದ. ಅವಳ ಕಾಲಿನ ಅಳತೆಗೆ ಬಚ್ಚಲು ಬೆಳೆಯಿತು. ಬಾಗಿಲು ಯಾವ ಕಡೆ ಇರಬೇಕೆಂಬುದರ ಮೇಲೆ ನಾವು ಗಂಡಹೆಂಡತಿ ಊಟ ಬಿಟ್ಟು ಜಗಳವಾಡಿದೆವು. ಅಡುಗೆಮನೆಯ ಕಡೆ ಇಟ್ಟರೆ ಒಳಗಿಂದಲೇ ಹೋಗಬಹುದೆಂದು ನಾನು. ಅಡುಗೆಮನೆಯ ಕಡೆ ಇಟ್ಟದ್ದಕ್ಕೇ ಹೀಗಾಯಿತೆಂದು ಅವಳು. ಬಾಗಿಲು ಹಿತ್ತಲಿನ ಕಡೆಗೇ ಉಳಿಯಿತು.

ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಆ ಗೆರೆಗಳು ಬಿದ್ದಮೇಲೆ ನಮ್ಮ ಹಿತ್ತಲಿನಲ್ಲಿ ಯಾರೂ ಅವನ್ನು ದಾಟಲಿಲ್ಲ. ಬಟ್ಟೆ ಒಣಹಾಕಲು ಹೋಗುವ ಗುರುಲಿಂಗಮ್ಮ ಸುತ್ತು ಹಾಕಿ ಹೋಗುತ್ತಿದ್ದಳು. ಪಕ್ಕದ ಮನೆಯ ಮಲ್ಲೇಶ ಹಿತ್ತಲಿನ ಸುತ್ತಲ ಕಟ್ಟೆಯ ಮೇಲಿಂದ ಇಣುಕಿ, “ಕಳಕಪ್ಪಣ್ಣ, ಕಿಡಕಿ ಎತ್ತರಕ್ಕ ಇಡು ಮತ್ತ! ಬೀಗರು ಎತ್ತರ ಅದಾರ!” ಎಂದು ನಕ್ಕ, ಆದರೆ ಕೊಡಲಿ ಕೇಳಲು ಬಂದಾಗ ಅವನೂ ಬಿಟ್ಟ ಜಾಗದ ಮುಂದೆ ನಿಂತು ಕೆಮ್ಮಿದ. ಮಲ್ಲೇಶನ ಎಮ್ಮೆ ಒಮ್ಮೆ ಹಗ್ಗ ಹರಿದುಕೊಂಡು ಬಂದು, ಬಾಗಿಲಲ್ಲಿ ತಲೆ ಹಾಕಿ, ಒಳಗೆ ಯಾರೋ ಇದ್ದಾರೆಂದು ನಾಚಿ ತಿರುಗಿ ಹೋಯಿತು. ಎಮ್ಮೆ ಬಂದದ್ದು ಖರೆ, ತಿರುಗಿ ಹೋದದ್ದು ತಾನು ಬಡಿಗೆ ತೆಗೆದುಕೊಂಡದ್ದಕ್ಕೆ ಎಂದು ಗುರುಲಿಂಗಮ್ಮ ಹೇಳುತ್ತಾಳೆ. ಇರಲಿ.

ಬುನಾದಿ ತೆಗೆಯುವ ಹಿಂದಿನ ದಿನ ಅವಳಿಗೆ ಇನ್ನೊಂದು ಚಿಂತೆ ಹತ್ತಿತು.

“ಏನ್ರಿ, ನೀವು ಒಮ್ಮೆ ಒಳಗ ಕುಂತು ಜಳಕ ಮಾಡಿದಂಗ ಮಾಡ್ರಿ. ಕಣ್ಣಾಗ ಸಾಬೂನು ಇದ್ದಾಗ ನಳ ಕೈಗೆ ಸಿಗತೈತೋ ಇಲ್ಲೋ ನೋಡೂನು.”

“ಹಾಡಹಗಲ, ಬಯಲಾಗ?”

“ಬಯಲು ಎಲ್ಲೈತ್ರಿ? ಗ್ವಾಡಿ ಅದಾವಲ್ಲ.”

ಬನಿಯನ್ ತೊಟ್ಟು, ಲುಂಗಿ ಉಟ್ಟುಕೊಂಡೇ ಮಣೆಯ ಮೇಲೆ ಕೂತೆ. ಒಣ ಸಾಬೂನಿನಿಂದ ಮುಖ ತಿಕ್ಕಿಕೊಂಡೆ. ಕಣ್ಣು ಮುಚ್ಚಿದೆ. ಕೈ ಚಾಚಿ ಗಾಳಿಯಲ್ಲಿ ನಳ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಅವಳು ಓಡಿಹೋದ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲ ಕಡೆ ಯಾರೋ ಕೆಮ್ಮಿದರು.

“ಒಳಗ ಬಾ, ಏನ್ ಕೆಮ್ಮತಿ!” ಎಂದೆ. “ಬೆತ್ತಲಿ ಏನ್ ಕುಂತಿಲ್ಲ.”

“ಬ್ಯಾಡ್ರಿ ಬೀಗರ. ನಿಮ್ಮ ಜಳಕ ಆಗ್ಲಿ.”

ಕಣ್ಣು ಬಿಟ್ಟೆ. ಗೆರೆ ಬಿಟ್ಟ ಜಾಗದಲ್ಲಿ, ಹೊರಗೆ, ನನಗೆ ಬೆನ್ನು ಮಾಡಿ ಗುರುಬಸವಪ್ಪನವರು ನಿಂತಿದ್ದರು. ಬಿಳಿ ಅಂಗಿ, ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು. ಕಟ್ಟೆಯಾಚೆ ಓಣಿಯಲ್ಲಿ ಅವರ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಗಾಜಿನೊಳಗೆ ಶೈಲಜಾಳ ತಲೆ ಕಂಡಿತು.

ನಾನು ಎದ್ದು ಹೋಗಬಹುದಿತ್ತು. ಮೈಮೇಲೆ ಬಟ್ಟೆ ಇತ್ತು, ನೀರಿನ ಒಂದು ಹನಿಯೂ ಇರಲಿಲ್ಲ. ಆದರೆ ಮುಖದ ಮೇಲೆ ಒಣ ಸಾಬೂನು ಮೆತ್ತಿಕೊಂಡು ಬಯಲಲ್ಲಿ ಕೂತ ಬೀಗನನ್ನು ಆ ಮನುಷ್ಯ ನೋಡಬಾರದೆಂದು ಬೆನ್ನು ತಿರುಗಿಸಿದ್ದರು. ಅದನ್ನು ಕಂಡಮೇಲೆ ಏಳಲಾಗಲಿಲ್ಲ.

“ಕೊಪ್ಪಳಕ್ಕ ದವಾಖಾನಿಗೆ ಬಂದಿದ್ವಿರಿ,” ಎಂದರು ಅವರು, ಬಾಳೆಗಿಡದ ಕಡೆ ನೋಡುತ್ತ. “ಶೈಲಜಾ ಗಾಡ್ಯಾಗ ಕುಂತಾಳ. ಇಳಿಯಾಂಗಿಲ್ಲ ಅಂತಾಳ.”

“ಆರಾಮ ಅದಾಳೇನ್ರಿ?”

“ಆರಾಮ ಅದಾಳ. ಡಾಕ್ಟರ್ ನೋಡಿದ್ರು. ಕೂಸೂ ಛಲೋ ಐತಿ ಅಂದ್ರು.” ಮತ್ತೆ ಅಂದರು: “ಆಕಿ ಬಿದ್ದಿದ್ದಳು, ಬೀಗರ.”

ನನ್ನ ಕೈಯ ಸಾಬೂನು ಜಾರಿತು.

“ಏನೂ ಆಗಿಲ್ಲ, ಅಂಜಬ್ಯಾಡ್ರಿ. ಆ ದಿನದಿಂದ ನಮ್ಮ ಮನ್ಯಾಗ ಹಿಂಗ ನಡದೈತಿ. ಆಕಿ ಚಾ ತಂದ್ರ ನಾ ಹಿತ್ತಲಕ್ಕ ಹೋಗ್ತೀನಿ. ನಾ ಪಡಸಾಲಿಗೆ ಬಂದ್ರ ಆಕಿ ಒಳಗ ಓಡತಾಳ. ಎದುರಾ ಬದುರಾ ಆಗಬಾರದಂತ ಇಬ್ರೂ ಕಿವಿ ತೆರಕೊಂಡು ಅಡ್ಡಾಡ್ತೀವಿ. ತುಂಬಿದ ಬಸರಿ, ನನ್ನ ಚಪ್ಪಲಿ ಸಪ್ಪಳ ಕೇಳಿ ಓಡಿದಳು. ಹೊಸ್ತಿಲಕ್ಕ ಎಡವಿದಳು. ನಾ ಅಲ್ಲೇ ಇದ್ದೆ. ಕೈ ಹಿಡದು ಎತ್ತಲೋ ಬ್ಯಾಡೋ ಅಂತ ನಿಂತೆ.” ಅವರ ದನಿ ಸಣ್ಣದಾಯಿತು. “ನಿಂತಬಿಟ್ಟೆ ರೀ. ನನ್ನ ಹೆಂಡತಿ ಬಂದು ಎತ್ತಿದಳು.”

ನನ್ನ ಬಾಯಿಗೆ ಒಂದು ಕತೆಯೂ ಬರಲಿಲ್ಲ. ನಾನು ಹೀಗೆ ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ, ಆದರೂ ಖರೆ. ಇಷ್ಟು ದಿನ ನಮ್ಮ ಮನೆಯ ನಾಚಿಕೆಯನ್ನು ನಾವು ಹೊತ್ತಿದ್ದೇವೆ, ಬೀಗರು ಸಿಟ್ಟನ್ನು ಹೊತ್ತಿದ್ದಾರೆ ಎಂದು ತಿಳಿದಿದ್ದೆ. ಅವರು ಹೊತ್ತಿದ್ದೂ ಅದೇ ನಾಚಿಕೆ, ನಮ್ಮದಕ್ಕಿಂತ ಭಾರದ್ದು. ಅದನ್ನು ಅವರು ನನ್ನ ಮುಖ ನೋಡಿಕೊಂಡು ಹೇಳಲಾರರು, ನಾನು ಅವರ ಮುಖ ನೋಡಿಕೊಂಡು ಕೇಳಲಾರೆ. ನಡುವೆ ಮುನವ್ವರನ ಸುಣ್ಣದ ಗೋಡೆ ಇತ್ತು, ಮಾತು ನಡೆಯಿತು.

“ನಮ್ಮ ತಪ್ಪು ಬೀಗರ,” ಎಂದೆ ಕಡೆಗೆ. “ನಿಮ್ಮನ್ನ ಅಂಥಾ ಬಚ್ಚಲಕ್ಕ ಕಳಿಸಬಾರದಿತ್ತು.”

“ಬ್ಯಾಡ್ರಿ. ಆ ಮಾತು ತೆಗಿಯೂದು ಬ್ಯಾಡ.” ಕಾರಿನ ಕಡೆ ತಲೆಯಾಡಿಸಿ, “ಆಕಿ ಇಲ್ಲಿ ಇರೂದು ಛಲೋ. ಅಲ್ಲಿದ್ರ ಇನ್ನೊಮ್ಮೆ ಬೀಳ್ತಾಳ. ಹೇಳಿದ್ರ ಕೇಳವಲ್ಲಳು. ತವರಾಗ ಬಾಗಲಾ ಇಲ್ಲ ಅಂತಾಳ. ನೀವು ಕಟ್ಟಸ್ತೀರಿ ಅಂತ ಯಾರೋ ಅಂದ್ರು, ನೋಡಾಕ ಬಂದೆ.” ಬಗ್ಗಿ ಕಾಲ ಬುಡದ ಗೆರೆಯನ್ನು ನೋಡಿದರು. “ಇದೇನ್ರಿ?”

“ಇದರಿ. ನಾಳೆ ಬುನಾದಿ.”

“ಕತಿ ಹೇಳಬ್ಯಾಡ್ರಿ ಬೀಗರ. ಆಕಿ ಹೆರಿಗಿ ಅನ್ನೂದರಾಗ ಆಕ್ಕತೇನು?”

“ನನ್ನ ಮಗಳ ಆಣಿ, ಆಕ್ಕತಿ. ಗ್ವಾಡಿ, ಬಾಗಲಾ, ಎಲ್ಲಾ.”

“ಚಿಲಕ?”

“ಒಳಗಿಂದ. ತಂದಿಟ್ಟೀನ್ರಿ ಆಗಲೇ.”

“ಗಟ್ಟಿ ಐತೇನು?”

ನನಗೆ ಗೊತ್ತು, ಐತಿ ಎಂದು ಸುಮ್ಮನಾಗಬೇಕಿತ್ತು. ಆದರೆ ಆ ಬೆನ್ನು ಹಾಗೆ ಬಾಗಿದ್ದನ್ನು ನೋಡಲಾಗದೆ ನನ್ನ ಬಾಯಿ ತಾನೇ ತೆರೆಯಿತು.

“ಗಟ್ಟಿ ಅಂದ್ರ ಏನ್ ಕೇಳ್ತೀರಿ ಬೀಗರ! ಕುಷ್ಟಗ್ಯಾಗ ಒಬ್ಬಾಂವ ಇದ ಚಿಲಕ ಹಾಕ್ಕೊಂಡು ಜಳಕಕ್ಕ ಕುಂತಾನ. ಹೊರಗ ಮಂದಿ ಕೂಡ್ಯಾರ. ದೂಡಿದ್ರ ಅಲಗಾಡವಲ್ದು. ಜೋಡೆತ್ತು ತಂದು ಹಗ್ಗ ಕಟ್ಟಿ ಎಳದಾರ...”

ಬೀಗರು ಹೊರಟಿದ್ದರು. ಕೈಗಳನ್ನು ಹಾಗೇ ಹಿಂದೆ ಕಟ್ಟಿಕೊಂಡು, ಗೆರೆಯ ಪಕ್ಕದಲ್ಲೇ ನಡೆದು, ಕಟ್ಟೆ ದಾಟಿ ಓಣಿಗೆ ಇಳಿದರು. ಕತೆ ನಿಲ್ಲಿಸಿದರೆ ತಿರುಗಿ ನೋಡುತ್ತಾರೆ, ತಿರುಗಿ ನೋಡಿದರೆ ಅವರ ಧೈರ್ಯ ಹೋಗುತ್ತದೆ ಎಂದು ನಾನು ದನಿ ಏರಿಸಿದೆ.

“ಎತ್ತು ಮಣಕಾಲೂರ್ಯಾವು ಬೀಗರ! ಆಮ್ಯಾಲೆ ಟ್ರ್ಯಾಕ್ಟರ್ ತರಿಸ್ಯಾರ!”

ಕಾರಿನ ಗಾಜು ಅರ್ಧ ಇಳಿಯಿತು. ಅವರು ನೆಲ ನೋಡುತ್ತ ಏನೋ ಹೇಳಿದರು. ಒಳಗಿಂದ ಏನೋ ಉತ್ತರ ಬಂತು. ಅವರು ಇನ್ನೊಂದು ಮಾತು ಹೇಳಿ, ಬಾಗಿಲು ತೆಗೆದು, ಕೈ ಚಾಚಿದರು. ಮೊದಲು ಶೈಲಜಾಳ ಬಟ್ಟೆಬರೆಯ ಚೀಲ ಹೊರಗೆ ಬಂತು. ಅದನ್ನು ಹೆಗಲಿಗೆ ಹಾಕಿಕೊಂಡರು. ಕೈಯನ್ನು ಮತ್ತೆ ಚಾಚಿ, ಮುಖವನ್ನು ಬೇರೆ ಕಡೆ ತಿರುಗಿಸಿ, ಹಾಗೇ ಹಿಡಿದು ನಿಂತರು.

“ಟ್ರ್ಯಾಕ್ಟರ್ ಎಳೀತು ನೋಡ್ರಿ, ಗ್ವಾಡಿನ ಕಿತ್ತು ಬಂತು, ಆದ್ರ ಚಿಲಕ ಹಂಗ ಐತಿ, ಒಳಗಿದ್ದಾಂವ ಹೊರಗಿನ ಮಂದಿಗೆ ಅಂತಾನ, ತಡ್ರಪಾ, ಇನ್ನೂ ನನ್ನ...”